ಹಿಂದಿನ ಸೀಟಿನ ಕೊಡಗು

ಬೈಕ್ ಓಡಿಸುವವರು ಬರೆದ ಪ್ರವಾಸ ಕಥನಗಳನ್ನು ಓದಿ ಓದಿ ನನಗೊಂದು ದೂರು ಹುಟ್ಟಿಕೊಂಡಿದೆ. ಅವುಗಳಲ್ಲಿ ತಿರುವು, ಗುಂಡಿ, ಮೈಲೇಜು, ಟೈರು, ಗೇರು ಎಲ್ಲವೂ ಇರುತ್ತವೆ, ಊರು ಇರುವುದಿಲ್ಲ. ಅವರನ್ನು ಬೈದೂ ಪ್ರಯೋಜನವಿಲ್ಲ. ಕೊಡಗಿನಂಥ ಕಡೆ ಹ್ಯಾಂಡಲ್ ಹಿಡಿದವರು ಮುಂದಿನ ತಿರುವಿನಿಂದ ಒಂದು ಗಳಿಗೆ ಕಣ್ಣು ತೆಗೆದರೂ ಗಾಡಿ ಚರಂಡಿಯಲ್ಲಿ, ಸವಾರರು ಕಾಫಿ ಗಿಡದ ಬುಡದಲ್ಲಿ. ನೋಡುವ ಕೆಲಸ ಏನಿದ್ದರೂ ಹಿಂದೆ ಕೂತವರದು. ಮದುವೆಯಾದಂದಿನಿಂದ ಆ ಕೆಲಸವನ್ನು ನಿಷ್ಠೆಯಿಂದ ಮಾಡಿಕೊಂಡು ಬಂದವಳು ನಾನು. ಹಿಂದಿನ ಸೀಟಿನವರಿಗೆ ಮುಂದೆ ಏನೂ ಕಾಣುವುದಿಲ್ಲ. ಅಲ್ಲಿ ಗಂಡನ ಬೆನ್ನು ಮತ್ತು ಹೆಲ್ಮೆಟ್ ಇರುತ್ತವೆ. ಹಾಗಾಗಿ ಪಕ್ಕಕ್ಕೆ ನೋಡುತ್ತಾರೆ. ಕೊಡಗು ಇರುವುದೂ ಪಕ್ಕದಲ್ಲೇ.

ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ರೈಲು ಹಳಿ ಇಲ್ಲ. ಯಾರೇ ಬಂದರೂ ರಸ್ತೆಯಲ್ಲೇ ಬರಬೇಕು. ಬೆಳಿಗ್ಗೆ ಕುಶಾಲನಗರದಲ್ಲಿ ಇಡ್ಲಿ ತಿಂದವರು ಮಧ್ಯಾಹ್ನದ ಊಟಕ್ಕೆ ಕೇರಳದ ಗಡಿಯ ಕುಟ್ಟವನ್ನು ತಲುಪಬಹುದು. ಆದ್ದರಿಂದಲೇ ಕೊಡಗನ್ನು ಒಂದು ವಾರಾಂತ್ಯದಲ್ಲಿ ಮುಗಿಸುವವರು ಹೆಚ್ಚು. ಮುಗಿಸುವ ಆತುರ ನಮಗಿರಲಿಲ್ಲ. ನಮ್ಮವರು ನಿವೃತ್ತರಾಗಿದ್ದರು, ಮಗಳ ಮದುವೆ ಕಳೆದಿತ್ತು, ಮಾರ್ಚ್ ತಿಂಗಳ ಮೈಸೂರಿನ ಬಿಸಿಲು ಆಗಲೇ ಸುಡತೊಡಗಿತ್ತು. ಹೊರಡುವ ಮೊದಲೇ ಕರಾರು ಮಾಡಿಕೊಂಡೆವು: ದಿನದ ಸವಾರಿ ಊಟದ ಹೊತ್ತಿಗೆ ಮುಗಿಯಬೇಕು. ನಾನು ಭುಜ ತಟ್ಟಿದರೆ ಗಾಡಿ ನಿಲ್ಲಬೇಕು, ಕಾರಣ ಕೇಳುವಂತಿಲ್ಲ. ಅವರೂ ಒಂದು ಷರತ್ತು ಸೇರಿಸಿದರು: ತಿರುವಿನಲ್ಲಿ ತಟ್ಟುವಂತಿಲ್ಲ.

ಈ ಕೊನೆಯ ಷರತ್ತು ಎಷ್ಟು ಕಠಿಣವಾದದ್ದೆಂಬುದು ಸುಂಟಿಕೊಪ್ಪ ದಾಟಿದ ಮೇಲೆ ಗೊತ್ತಾಯಿತು. ಕೊಡಗಿನ ಒಳರಸ್ತೆಗಳಿಗೆ ಪಕ್ಕದ ಜಾಗವೇ ಇಲ್ಲ. ಡಾಂಬರು ಮುಗಿದಲ್ಲಿ ಚರಂಡಿ, ಚರಂಡಿ ಮುಗಿದಲ್ಲಿ ಬೇಲಿ, ಬೇಲಿಗೆ ಒತ್ತಿಕೊಂಡು ಕಾಫಿ. ನಿಲ್ಲಬಹುದಾದ ಜಾಗಗಳು ಎರಡೇ ಬಗೆ. ಒಂದು, ತೋಟದ ಗೇಟಿನ ಮುಂದಿನ ತುಂಡು ನೆಲ. ಇನ್ನೊಂದು, ಬಸ್ ತಂಗುದಾಣ. ಈ ತಂಗುದಾಣಗಳನ್ನು ಓದುತ್ತಾ ಹೋಗಬೇಕು. ಎಷ್ಟೋ ತಂಗುದಾಣಗಳು ಯಾರದೋ ಜ್ಞಾಪಕಾರ್ಥವಾಗಿ ಕಟ್ಟಿಸಿದವು. ಗೋಡೆಯ ಮೇಲೆ ಮನೆತನದ ಹೆಸರು, ಅದರ ಜೊತೆಗೆ ಸುಬೇದಾರ್ ಅಥವಾ ಹವಾಲ್ದಾರ್ ಎಂಬ ದರ್ಜೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರ ಹೆಸರು ಎಲ್ಲರಿಗೂ ಗೊತ್ತು. ಸೈನ್ಯ ಈ ಜಿಲ್ಲೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಮಾತ್ರ ಬಸ್ಸು ಕಾಯುವ ಕಲ್ಲುಬೆಂಚಿನ ಮೇಲೆ ಕೂತೇ ತಿಳಿಯಬೇಕು.

ಗಾಡಿಯ ವಿಷಯ ಹೇಳದೆ ಮುಂದೆ ಹೋದರೆ ನಮ್ಮವರು ಬೇಸರಪಟ್ಟುಕೊಳ್ಳುತ್ತಾರೆ. ನಮ್ಮದು ಹಳೆಯ ಯೆಜ್ಡಿ ರೋಡ್‌ಕಿಂಗ್. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಹಾಕುವವರೆಗೆ ಮೈಸೂರಿನ ಎಷ್ಟೋ ಮನೆಗಳ ಒಲೆ ಉರಿಸಿತು, ರಸ್ತೆಗಳಿಗೆ ನೀಲಿ ಹೊಗೆಯನ್ನೂ ಕೊಟ್ಟಿತು. 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಎರಡು ಸೈಲೆನ್ಸರ್, ಕಿಕ್ಕರೂ ಗೇರೂ ಒಂದೇ ಲಿವರ್. ಪೆಟ್ರೋಲಿನ ಜೊತೆಗೆ ಆಯಿಲ್ ಬೆರೆಸಿಯೇ ಟ್ಯಾಂಕಿಗೆ ಹಾಕಬೇಕು. ನಮ್ಮವರ ಅಳತೆ ಲೀಟರಿಗೆ ಸುಮಾರು 40 ಮಿಲಿ. ಬಂಕುಗಳಲ್ಲಿ ಈಗ ಆ ಆಯಿಲ್ ಸಿಗುವ ಭರವಸೆಯಿಲ್ಲವಾದ್ದರಿಂದ ಬ್ಯಾಗಿನಲ್ಲಿ ಒಂದು ಡಬ್ಬಿ, ಜೊತೆಗೆ ಹಳೆಯ ಕೆಮ್ಮಿನ ಔಷಧಿಯ ಅಳತೆ ಮುಚ್ಚಳ. ಬಂಕಿನ ಹುಡುಗ ಪೈಪು ಹಿಡಿದು ಕಾಯುತ್ತಿದ್ದರೆ ಇವರು ಮುಚ್ಚಳದಲ್ಲಿ ಆಯಿಲ್ ಅಳೆಯುತ್ತಾರೆ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾರೆ. ನಾನು ದೂರ ಹೋಗಿ ನಿಲ್ಲುತ್ತೇನೆ, ಇವರು ಯಾರೋ ಗೊತ್ತಿಲ್ಲ ಎಂಬಂತೆ.

ಆದರೆ ಈ ಗಾಡಿಯಿಂದ ಒಂದು ಉಪಕಾರವಿದೆ. ಇದು ನಿಂತಲ್ಲೆಲ್ಲ ಅರವತ್ತು ದಾಟಿದ ಯಾರಾದರೊಬ್ಬರು ಬಂದು ಟ್ಯಾಂಕಿನ ಮೇಲೆ ಕೈಯಿಡುತ್ತಾರೆ.

ಹುಣಸೂರು, ಪಿರಿಯಾಪಟ್ಟಣಗಳನ್ನು ಬೇಗ ದಾಟಿದೆವು. ಬೈಲುಕುಪ್ಪೆಯಲ್ಲಿ ಟಿಬೆಟನ್ನರ ಹೋಟೆಲಿನಲ್ಲಿ ತುಕ್ಪಾ ಎಂಬ ನೂಡಲ್ಸ್ ಸೂಪು ಕುಡಿದು, ಕೊಪ್ಪದ ಸೇತುವೆಯ ಮೇಲೆ ಕಾವೇರಿಯನ್ನು ದಾಟಿದರೆ ಕೊಡಗು. ಹೊಳೆ ಆ ತಿಂಗಳಲ್ಲಿ ಬಂಡೆಗಳ ನಡುವೆ ಸೊರಗಿ ಹರಿಯುತ್ತಿತ್ತು. ಕುಶಾಲನಗರ ಕಳೆದು ಏರು ಶುರುವಾದದ್ದೇ ಗಾಳಿಯ ಗುಣ ಬದಲಾಯಿತು. ಸುಂಟಿಕೊಪ್ಪಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ವಾಸನೆ ಬಂದು ಮೂಗಿಗೆ ಹೊಡೆಯಿತು. ಮಲ್ಲಿಗೆಯೆಂದರೆ ಮಲ್ಲಿಗೆ, ಆದರೆ ಅದಕ್ಕಿಂತ ತುಸು ಹಸಿ, ತುಸು ಜೇನಿನ ಅಂಶ. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಇದು ತಿಳಿಯುವುದೇ ಇಲ್ಲ. ಭುಜ ತಟ್ಟಿದೆ. ಒಂದು ತೋಟದ ಗೇಟಿನ ಮುಂದೆ ಗಾಡಿ ನಿಂತಿತು.

ರೊಬಸ್ಟಾ ಹೂಬಿಟ್ಟಿತ್ತು. ಗೆಣ್ಣು ಗೆಣ್ಣಿಗೂ ಬಿಳಿ ಗೊಂಚಲು, ರೆಂಬೆಯ ತುದಿಯವರೆಗೆ ಒತ್ತೊತ್ತಾಗಿ. ಎಲೆಯ ಹಸಿರು ಹೂವಿನ ಸಂದಿಯಲ್ಲಿ ಅಲ್ಲಲ್ಲಿ ಇಣುಕುತ್ತಿತ್ತು. ಮೇಲೆ ಸಿಲ್ವರ್ ಓಕ್, ಅತ್ತಿ, ಹಲಸು. ನಡುವೆ ಎಲೆಯುದುರಿಸಿ ಕೆಂಪು ಹೂ ಹೊತ್ತ ಹಾಲುವಾಣದ ಮರಗಳು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ವಿಚಿತ್ರವೆಂದರೆ ರಸ್ತೆಯ ಆಚೆಗಿನ ತೋಟದಲ್ಲಿ ಒಂದು ಹೂವೂ ಇರಲಿಲ್ಲ. ಅದೇ ಗಿಡ, ಅದೇ ಮಣ್ಣು. ರೆಂಬೆಯ ಮೇಲೆ ಮುಚ್ಚಿದ ಹಸಿರು ಮೊಗ್ಗು ಮಾತ್ರ.

ಒಳಗಿನಿಂದ ಹಿರಿಯರೊಬ್ಬರು ಕೋಲೂರಿಕೊಂಡು ಬಂದರು. ನಮ್ಮನ್ನು ನೋಡಲಲ್ಲ, ಗಾಡಿಯನ್ನು ನೋಡಲು. ಎರಡೂ ಸೈಲೆನ್ಸರ್‌ಗಳನ್ನು ಬಗ್ಗಿ ನೋಡಿ, "ಯಾವ ವರ್ಷದ್ದು?" ಎಂದರು. ತಮ್ಮ ಬಳಿಯೂ ಒಂದಿತ್ತಂತೆ, ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ಅದರಷ್ಟು ನಂಬಿಕಸ್ಥ ಗಾಡಿ ಬೇರೆ ಇರಲಿಲ್ಲವಂತೆ. ಆಚೆ ತೋಟದಲ್ಲಿ ಯಾಕೆ ಹೂವಿಲ್ಲ ಎಂದು ನಾನು ಕೇಳಿದೆ.

"ಅವರು ಇನ್ನೂ ನೀರು ಕೊಟ್ಟಿಲ್ಲ, ಅಮ್ಮ. ಅವರ ಕೆರೆ ಬತ್ತಿದೆ. ಮಳೆ ಕಾಯುತ್ತಿದ್ದಾರೆ."

ಕಾಫಿ ಮೊಗ್ಗು ತಾನಾಗಿ ಅರಳುವುದಿಲ್ಲ. ಬೇಸಿಗೆಯ ಒಣಹವೆಯಲ್ಲಿ ಅದು ನಿದ್ದೆಹೋಗಿರುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಎಚ್ಚರಗೊಂಡು, ವಾರ ಹತ್ತು ದಿನದಲ್ಲಿ ಇಡೀ ತೋಟ ಒಟ್ಟಿಗೆ ಬಿಳಿಯಾಗುತ್ತದೆ. ಇದನ್ನೇ ಇಲ್ಲಿ ಹೂಮಳೆ ಎನ್ನುತ್ತಾರೆ. ಈಗ ಮಳೆಯನ್ನು ನಂಬಿ ಕೂರುವಂತಿಲ್ಲ, ಅನುಕೂಲವಿದ್ದವರು ಕೆರೆಯಿಂದ ಪಂಪು ಹಾಕಿ ಸ್ಪ್ರಿಂಕ್ಲರ್‌ನಲ್ಲಿ ರೊಬಸ್ಟಾಗೆ ಮಳೆ ತಾವೇ ಸುರಿಸುತ್ತಾರೆ. ಹಾಗಾಗಿ ಹೂವು ಈಗ ಋತುವಿನ ಪ್ರಕಾರ ಬರುವುದಿಲ್ಲ, ಕೆರೆಯ ಆಳದ ಪ್ರಕಾರ, ಡೀಸೆಲ್ಲಿನ ಖರ್ಚಿನ ಪ್ರಕಾರ ಬರುತ್ತದೆ. ರಸ್ತೆಯ ಈಚೆ ಬಿಳಿ, ಆಚೆ ಹಸಿರು ಎಂದರೆ ಎರಡು ಮನೆಗಳ ಕೆರೆಯ ಲೆಕ್ಕ ರಸ್ತೆಗೇ ಬಂದು ನಿಂತಂತೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದು. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಗಾಳಿಯೋ ಜೇನೋ ತಂದುಕೊಡಬೇಕು. ಅರಳಿದ ಹೊತ್ತಿನಲ್ಲಿ ಮಳೆ ಬಿದ್ದರೆ ಪರಾಗ ತೊಳೆದು ಹೋಗುತ್ತದೆ.

ನಮ್ಮವರು ಆಕಾಶ ನೋಡಿ, "ಮೋಡ ಕಟ್ಟುತ್ತಿದೆಯಲ್ಲ, ಒಳ್ಳೆಯದೇ ಅಲ್ಲವೇ?" ಎಂದರು.

"ಇನ್ನೆರಡು ದಿನ ಬರಲೇಬಾರದು," ಎಂದರು ಹಿರಿಯರು. "ಆಮೇಲೆ ಇಪ್ಪತ್ತು ದಿನದೊಳಗೆ ಬರಲೇಬೇಕು."

ನಮಗೆ ಕಾಫಿ ಕುಡಿಸದೆ ಕಳುಹಿಸಲಿಲ್ಲ. ಬೆಲ್ಲ ಹಾಕಿದ ಕರಿ ಕಾಫಿ. ಜಗಲಿಯಲ್ಲಿ ಕೂತು ಕುಡಿಯುವಾಗ ತೋಟದಿಂದ ಜೇನಿನ ಸದ್ದು ಕೇಳುತ್ತಿತ್ತು. ಅದು ಹೆಚ್ಚಾಗಿ ಹೆಜ್ಜೇನು ಎಂದು ಅವರೇ ಹೇಳಿದರು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನನ್ನು 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಾದ್ಯಂತ ಬಡಿದು ಹಾಕಿತು, ಕೊಡಗಿನಲ್ಲಂತೂ ಮನೆಮನೆಯ ಪೆಟ್ಟಿಗೆಗಳು ಖಾಲಿಯಾದವು. ವಿರಾಜಪೇಟೆಯಲ್ಲಿ 1936ರಲ್ಲೇ ಜೇನು ಸಹಕಾರ ಸಂಘ ಕಟ್ಟಿಕೊಂಡಿದ್ದ ಜಿಲ್ಲೆ ಇದು. ಆ ಜಗಲಿಯ ಮೂಲೆಯಲ್ಲೂ ಹಳೆಯ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಈಗ ಮೊಳೆ, ಸುತ್ತಿಗೆ, ಹಳೆಯ ಯೆಜ್ಡಿಯ ಒಂದು ಸ್ಪೀಡೋಮೀಟರ್. ಅದನ್ನು ನಮ್ಮವರಿಗೆ ಕೊಡಲು ಬಂದರು, ಇವರು ಬೇಡವೆನ್ನಲಿಲ್ಲ. ಮನೆಯಲ್ಲಿ ಇನ್ನೊಂದು ಹಳೆಯ ಕಬ್ಬಿಣಕ್ಕೆ ಜಾಗ ಮಾಡಬೇಕಾಯಿತು.

ಮಡಿಕೇರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಲು ಬಂದವರಲ್ಲಿ ಅರ್ಧದಷ್ಟು ಜನ ಸೂರ್ಯನಿಗೆ ಬೆನ್ನು ಹಾಕಿ ನಿಂತು ಮೊಬೈಲ್ ಎತ್ತಿ ಹಿಡಿದಿದ್ದರು. ಅಲ್ಲಿಂದ ಗದ್ದಿಗೆಗೆ ಹೋದೆವು. ಹಾಲೇರಿ ಅರಸರಾದ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು. ಒಳಗಿರುವವರು ಲಿಂಗಾಯತ ದೊರೆಗಳು, ಮೇಲಿರುವುದು ಗುಮ್ಮಟ ಮತ್ತು ಮಿನಾರು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದಲ್ಲೂ ಹೀಗೆಯೇ, ಶಿವನ ತಲೆಯ ಮೇಲೆ ಗುಮ್ಮಟ. ಅರಸರಿಗೆ ಇದರಲ್ಲಿ ಯಾವ ತೊಡಕೂ ಕಂಡಿರಲಿಲ್ಲ. ಗದ್ದಿಗೆಯ ಹುಲ್ಲಿನ ಮೇಲೆ ಕಾಲೇಜು ಹುಡುಗರಿಬ್ಬರು ಪರೀಕ್ಷೆಗೆ ಓದುತ್ತಿದ್ದುದನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಊರಿನಿಂದ ಹೊರಬೀಳುವಾಗ ರಸ್ತೆಬದಿಯ ಹೊಸ ತಡೆಗೋಡೆಗಳು ಕಣ್ಣಿಗೆ ಬಿದ್ದವು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಮನೆ ತೋಟಗಳ ಸಮೇತ ಜಾರಿಹೋದವು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ತುಂಡಾಯಿತು. ಸಪಾಟಾಗಿ ಕತ್ತರಿಸಿದ ಗುಡ್ಡಗಳನ್ನೂ, ಅವುಗಳ ಅಂಚಿಗೆ ಎದ್ದು ನಿಂತ ಕಟ್ಟಡಗಳನ್ನೂ ಪಕ್ಕದಿಂದ ನಿಧಾನವಾಗಿ ನೋಡುತ್ತಾ ಹೋದರೆ ನಮ್ಮಂಥ ಪ್ರವಾಸಿಗರ ಪಾಲೂ ಅದರಲ್ಲಿದೆ ಎಂಬುದು ಅರ್ಥವಾಗುತ್ತದೆ. ಕಣಿವೆಯ ನೋಟವಿರುವ ಕೋಣೆ ಬೇಕೆಂದು ಕೇಳುವವರು ನಾವೇ ತಾನೇ. ಅಂದಿನಿಂದ ನಾನು ಉಳಿಯುವ ಜಾಗ ಕೇಳುವಾಗ ಇಳಿಜಾರಿನಲ್ಲಿದೆಯೇ ಎಂದು ಮೊದಲು ವಿಚಾರಿಸುತ್ತೇನೆ. ಇದೆ ಎಂದರೆ ಬೇಡ.

ಮೂರ್ನಾಡಿನ ಹತ್ತಿರ ಬಲಮುರಿಯಲ್ಲಿ ಹೊಳೆಯ ಬದಿಗೆ ಇಳಿದೆವು. ಕಾವೇರಿ ಇಲ್ಲಿ ತಿರುಗುತ್ತಾಳೆ. ಅಗಸ್ತ್ಯರನ್ನು ಬಿಟ್ಟು ಹೊಳೆಯಾಗಿ ಹೊರಟ ಕಾವೇರಿಯನ್ನು ತಡೆಯಲು ಕೊಡವರು ಇಲ್ಲಿ ಸೇರಿದರೆಂದೂ, ಅವಳ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದವೆಂದೂ, ಅಂದಿನಿಂದ ಕೊಡವತಿಯರು ನೆರಿಗೆಯನ್ನು ಹಿಂದೆ ಉಡುತ್ತಾರೆಂದೂ ಕಥೆ. ಬೈಕಿನ ಹಿಂದಿನ ಸೀಟಿನಲ್ಲಿ ಸೀರೆಯುಟ್ಟು ಆಯುಷ್ಯ ಕಳೆದವಳಾಗಿ ನನಗೆ ಈ ಕಥೆಯಲ್ಲಿ ವಿಶೇಷ ಆಸಕ್ತಿ. ಮುಂದಿನ ನೆರಿಗೆ ಗಾಳಿಗೆ ಹಾರಿ ಚಕ್ರಕ್ಕೆ ಸಿಗದಂತೆ ಗಾಡಿಗೆ ಸೀರೆ ಗಾರ್ಡ್ ಹಾಕಿಸಬೇಕು, ಒಂದು ಕೈ ಸದಾ ಮಡಿಲ ಮೇಲಿರಬೇಕು. ಈ ಸಲ ನಾನು ಚೂಡಿದಾರ ಹಾಕಿಕೊಂಡು ಹೊರಟಿದ್ದೆ. ಎರಡು ಕಾಲು ಎರಡು ಕಡೆಗೆ ಹಾಕಿ ಕೂತರೆ ಎಡವೂ ಬಲವೂ ಕಾಣುತ್ತದೆ. ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತ ವರ್ಷಗಳಲ್ಲಿ ರಸ್ತೆಯ ಬಲಬದಿಯ ಲೋಕವನ್ನೆಲ್ಲ ಬಿಟ್ಟುಬಿಟ್ಟಿದ್ದೆ ಎಂದು ಈಗ ಹೊಟ್ಟೆಯುರಿಯುತ್ತದೆ.

ನಾಪೋಕ್ಲು ದಾಟಿ ಕಕ್ಕಬ್ಬೆ. ತಡಿಯಂಡಮೋಳು ಬೆಟ್ಟದ ಬುಡ. 1,748 ಮೀಟರ್ ಎತ್ತರದ ಈ ಬೆಟ್ಟವೇ ಕೊಡಗಿನ ಅತಿ ಎತ್ತರದ ಶಿಖರ. ಏರುವವರು ಬೆಳಗಿನ ಜಾವವೇ ಹೊರಟಿದ್ದರು. ನಾವು ಏರಲಿಲ್ಲ, ಬುಡದಲ್ಲಿರುವ ನಾಲ್ಕುನಾಡು ಅರಮನೆಯ ಜಗಲಿಯಲ್ಲಿ ಕೂತೆವು. ಅರಮನೆಯೆಂಬ ಮಾತು ಕೇಳಿ ಬಂದವರಿಗೆ ನಿರಾಸೆಯಾಗುತ್ತದೆ: ಹೆಂಚಿನ ಮಾಡಿನ ಎರಡು ಅಂತಸ್ತಿನ ಮನೆ, ಕೆತ್ತನೆಯ ಮರದ ಕಂಬ, ಗೋಡೆಯ ಮೇಲೆ ಮಾಸಿದ ಚಿತ್ರಗಳು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದಿದ್ದ ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ಇದನ್ನು ಕಟ್ಟಿಸಿದ. ಮೆರವಣಿಗೆಗಾಗಿ ಕಟ್ಟಿಸಿದ್ದಲ್ಲ, ಬಚ್ಚಿಟ್ಟುಕೊಳ್ಳಲು ಕಟ್ಟಿಸಿದ್ದು. ಸುತ್ತ ಕಾಡು, ಹಿಂದೆ ಬೆಟ್ಟ, ಒಳಗೆ ಬೆಳಕು ಕಡಿಮೆಯಿರುವ ಕೋಣೆಗಳು. ಕೊನೆಯ ಅರಸ ಚಿಕವೀರರಾಜೇಂದ್ರ 1834ರಲ್ಲಿ ಇಂಗ್ಲಿಷರು ಏರಿ ಬಂದಾಗ ಆಶ್ರಯ ಪಡೆದದ್ದೂ ಇಲ್ಲೇ. ಇಲ್ಲಿಂದ ಇಳಿದು ಶರಣಾದವನು ಕಾಶಿಗೆ, ಮುಂದೆ ಮಗಳು ಗೌರಮ್ಮನೊಂದಿಗೆ 1852ರಲ್ಲಿ ಲಂಡನ್ನಿಗೆ ಹೋದ. ಆ ಹುಡುಗಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ವಿಕ್ಟೋರಿಯಾ ಗೌರಮ್ಮ ಎಂದು ಹೆಸರಾಯಿತು. ಕಕ್ಕಬ್ಬೆಯ ಈ ಅಂಗಳದಿಂದ ಅಲ್ಲಿಗೆ ಎಷ್ಟು ದೂರ! ಅಂಗಳದ ಮೂಲೆಯಲ್ಲಿ ಒಂದು ಪುಟ್ಟ ಮಂಟಪವಿದೆ, ಅದರ ನೆರಳಿನಲ್ಲಿ ನಾಯಿಯೊಂದು ಮಲಗಿತ್ತು.

ನಮ್ಮ ಸಮಾಧಾನವನ್ನು ಕೆಡಿಸಿದ್ದು ಒಂದು ಬೈಕ್ ಗುಂಪು. ಸೈಲೆನ್ಸರ್ ಬದಲಾಯಿಸಿದ ಗಾಡಿಗಳು. ಕಣಿವೆಯ ಕೆಳಗಿದ್ದಾಗಲೇ ಸದ್ದು ಬಂತು, ಬಂದವರು ಅರಮನೆಯ ಮುಂದೆ ಎಂಜಿನ್ ಆರಿಸದೆ ಚಿತ್ರ ತೆಗೆಸಿಕೊಂಡರು, ಹೋದರು. ನಮ್ಮ ಯೆಜ್ಡಿಯೂ ಮೌನವ್ರತದ ಗಾಡಿಯಲ್ಲ, ಒಪ್ಪುತ್ತೇನೆ. ಆದರೆ ಸದ್ದು ಅದರ ಸ್ವಭಾವ, ದುಡ್ಡು ಕೊಟ್ಟು ಹಾಕಿಸಿಕೊಂಡ ಆಭರಣವಲ್ಲ. ಮಗು ಮಲಗಿರುವ ಮನೆಗಳು, ಸಾವಿನ ಮನೆಗಳು, ಪರೀಕ್ಷೆಯ ಮನೆಗಳು ಈ ರಸ್ತೆಗಳ ಮೇಲೂ ಇವೆ. ಕಾಫಿ ಗಿಡಗಳ ಹಿಂದೆ ಇರುವುದರಿಂದ ಕಾಣುವುದಿಲ್ಲ, ಅಷ್ಟೇ.

ಆ ರಾತ್ರಿ ಉಳಿದ ಮನೆಯಲ್ಲಿ ಅಡುಗೆ ಮಾಡುವ ಅಕ್ಕ ನನ್ನನ್ನು ಒಲೆಯ ಬಳಿಯೇ ಕೂರಿಸಿಕೊಂಡರು. ಕಡಂಬುಟ್ಟು ಮಾಡುತ್ತಿದ್ದರು. ಅಕ್ಕಿ ತರಿಯನ್ನು ಬೇಯಿಸಿ, ಬಿಸಿಯಿರುವಾಗಲೇ ಅಂಗೈಯಲ್ಲಿ ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಡುವುದು. ನಾನೂ ಕೈ ಹಾಕಿದೆ, ಬೆರಳು ಸುಟ್ಟು ಕೈಬಿಟ್ಟೆ. ಅವರ ಅಂಗೈಗೆ ಬಿಸಿಯೇ ತಗಲುತ್ತಿರಲಿಲ್ಲ. ಪಂದಿ ಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಕೊನೆಯಲ್ಲಿ ಕಪ್ಪಗಿನ, ಮಂದವಾದ ರಸವೊಂದನ್ನು ಚಮಚದಲ್ಲಿ ಅಳೆದು ಹಾಕಿದರು. ಅದು ಕಾಚಂಪುಳಿ. ಮಳೆಗಾಲದಲ್ಲಿ ಹಣ್ಣಾಗಿ ಬೀಳುವ ಪುಳಿಯನ್ನು ಬುಟ್ಟಿಯಲ್ಲಿ ಗುಡ್ಡೆ ಹಾಕಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಾಗುವವರೆಗೆ ಕುದಿಸಿ ಇಳಿಸುತ್ತಾರೆ. ಬಾಟಲಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲವಂತೆ. ನಮ್ಮವರು ಸಸ್ಯಾಹಾರಿ. ಅವರಿಗಾಗಿ ಅಕ್ಕ ಅಕ್ಕಿ ಒಟ್ಟಿ ಎನ್ನುವ ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ, ಜೇನುತುಪ್ಪ ಕೊಟ್ಟರು. ಇಷ್ಟು ದೂರ ಬಂದು ಕುಂಬಳಕಾಯಿ ತಿನ್ನುವ ಮನುಷ್ಯನನ್ನು ಅವರು ನೋಡಿದ ಕನಿಕರದ ನೋಟ ಈಗಲೂ ನನಗೆ ನೆನಪಿದೆ.

"ಬೆಳಿಗ್ಗೆ ತಲಕಾವೇರಿಗೆ ಹೋಗುತ್ತೀರಾ?" ಎಂದು ಕೇಳಿದರು. ಇಲ್ಲ ಎಂದೆ. ಬೆರಗಾದರು. ಭಾಗಮಂಡಲಕ್ಕೆ, ಅಲ್ಲಿಂದ ಎಂಟು ಕಿಲೋಮೀಟರ್ ಮೇಲಿನ ತಲಕಾವೇರಿಗೆ ಹಿಂದೆ ಹೋಗಿದ್ದೇವೆ, ತುಲಾ ಸಂಕ್ರಮಣದ ಜನಸಾಗರವನ್ನೂ ಕಂಡಿದ್ದೇವೆ. ಈ ಸಲ ಅದನ್ನು ಸೇರಿಸಿದರೆ ಇನ್ನೊಂದು ಊರು ಬಿಡಬೇಕು. ನಿಧಾನದ ಪ್ರವಾಸದಲ್ಲಿ ಬಿಡುವ ಊರುಗಳ ಪಟ್ಟಿಯೇ ಉದ್ದ. ಅಬ್ಬಿ, ದುಬಾರೆ, ಇರ್ಪು, ಮಾಂದಲಪಟ್ಟಿ ಎಲ್ಲವನ್ನೂ ಬಿಟ್ಟೆವು. ಮೈಸೂರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಇದರ ಲೆಕ್ಕ ಒಪ್ಪಿಸಬೇಕಾಯಿತು.

ಕಡಂಗದ ದಾರಿಯಲ್ಲಿ ವಿರಾಜಪೇಟೆಗೆ ಬಂದು, ಬ್ಯಾಗನ್ನು ಅಲ್ಲಿನ ಲಾಡ್ಜಿನಲ್ಲಿಟ್ಟು, ಪೆರುಂಬಾಡಿ ಮೂಲಕ ಮಾಕುಟ್ಟ ಘಾಟಿ ಇಳಿದೆವು. ಇದು ನಮ್ಮವರ ಆಸೆ. ಇಲ್ಲಿ ಕಾಫಿ ಮುಗಿದು ನಿತ್ಯಹರಿದ್ವರ್ಣದ ಕಾಡು ಶುರುವಾಗುತ್ತದೆ, ರಸ್ತೆ ಸುತ್ತಿ ಸುತ್ತಿ ಕೇರಳದ ಕೂಟುಪುಯದವರೆಗೆ ಇಳಿಯುತ್ತದೆ. ಹೋಗಿ ಬರುವ ಲಾರಿಗಳಿಗೆ ಎಣೆಯಿಲ್ಲ. ಇಳಿಜಾರು ಟೂ-ಸ್ಟ್ರೋಕ್ ಗಾಡಿಗೆ ಪರೀಕ್ಷೆ. ಎಂಜಿನ್ನಿಗೆ ಎಣ್ಣೆ ಸಿಗುವುದೇ ಪೆಟ್ರೋಲಿನ ಜೊತೆಯಲ್ಲಿ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಹಳ ದೂರ ಇಳಿದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ, ಪಿಸ್ಟನ್ ಒಣಗಿ ಉಜ್ಜುತ್ತದೆ. ಹಾಗೆಂದು ನ್ಯೂಟ್ರಲ್ ಮಾಡಿ ಇಳಿದರೆ ಡ್ರಮ್ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಇವರು ಆಗಾಗ ಆಕ್ಸಿಲರೇಟರನ್ನು ಒಮ್ಮೆ ತಿರುವಿ ಬಿಡುತ್ತಾರೆ, ಮಧ್ಯೆ ಮಧ್ಯೆ ಗಾಡಿ ನಿಲ್ಲಿಸಿ ಬ್ರೇಕ್ ಡ್ರಮ್ಮಿನ ಬಳಿ ಕೈಯಿಟ್ಟು ನೋಡುತ್ತಾರೆ. ಹೀಗೆ ಅವರು ಬ್ರೇಕಿಗಾಗಿ ನಿಂತಾಗಲೆಲ್ಲ ನನಗೆ ಕಾಡು ಸಿಕ್ಕಿತು. ಒಮ್ಮೆ ಮಂಗಟ್ಟೆಯ ರೆಕ್ಕೆಯ ಸದ್ದು ತಲೆಯ ಮೇಲೆಯೇ ಹಾದುಹೋಯಿತು. ಮೇಲೆ ನೋಡುವಷ್ಟರಲ್ಲಿ ಎಲೆಗಳು ಮಾತ್ರ ಅಲುಗುತ್ತಿದ್ದವು.

ವಿರಾಜಪೇಟೆಯಿಂದ ಅಮ್ಮತ್ತಿ, ಅಲ್ಲಿಂದ ಪಾಲಿಬೆಟ್ಟದ ಕಡೆ. ಇಲ್ಲಿ ನಾವು ನಿಲ್ಲಲಿಲ್ಲ, ನಮ್ಮನ್ನು ನಿಲ್ಲಿಸಿದರು. ತಿರುವಿನಾಚೆ ಅರಣ್ಯ ಇಲಾಖೆಯ ಜೀಪು ಅಡ್ಡ ನಿಂತಿತ್ತು. ಸಿಬ್ಬಂದಿಯೊಬ್ಬರು ಕೈಯೆತ್ತಿ, ಎಂಜಿನ್ ಆರಿಸಲು ಸನ್ನೆ ಮಾಡಿದರು. ಆನೆಗಳ ಗುಂಪೊಂದು ತೋಟದಿಂದ ತೋಟಕ್ಕೆ ದಾಟುವುದರಲ್ಲಿತ್ತು. ನಮ್ಮ ಹಿಂದೆ ಹಾಲಿನ ವ್ಯಾನು, ಒಂದು ಖಾಸಗಿ ಬಸ್ಸು, ಕೂಲಿಯವರನ್ನು ತುಂಬಿಕೊಂಡ ಪಿಕಪ್ಪು ಬಂದು ನಿಂತವು. ಪಿಕಪ್ಪಿನಲ್ಲಿದ್ದ ಹುಡುಗರು ಅಸ್ಸಾಮಿನವರು, ಮೆಣಸು ಕುಯ್ಯಲು ಹೋಗುತ್ತಿದ್ದರು. ಗೆಣ್ಣು ಬಿಟ್ಟು ಕಡಿದ ಬಿದಿರಿನ ಒಂಟಿ ಏಣಿಗಳು ಮೇಲೆ ಕಟ್ಟಿದ್ದವು.

ನನ್ನ ಉತ್ಸಾಹ ಹೇಳತೀರದು. ಆನೆ! ಮೊಬೈಲ್ ತೆಗೆದು ಸಿದ್ಧಳಾದೆ. ಪಕ್ಕದಲ್ಲಿ ನಿಂತಿದ್ದ, ತೋಟದ ಕೂಲಿಯವರ ಸಾಲುಮನೆಯಾದ ಲೈನ್ ಮನೆಯಿಂದ ಕೆಲಸಕ್ಕೆ ಹೊರಟಿದ್ದ ಹೆಂಗಸು ನನ್ನ ಕೈ ನೋಡಿದರು, ಮುಖ ನೋಡಿದರು.

"ಇದೇನು ಅಕ್ಕ, ನಮಗೆ ದಿನವೂ ಇದೇ," ಎಂದರು. "ಕೆಲಸಕ್ಕೆ ತಡವಾದರೆ ಮೇಸ್ತ್ರಿ ಬೈಯುತ್ತಾರೆ. ಬೇಗ ಹೊರಟರೆ ಆನೆ ಇರುತ್ತದೆ. ಬೆಳಕಾಗುವ ಮೊದಲು ಮಕ್ಕಳನ್ನು ಹೊರಗೆ ಬಿಡುವುದಿಲ್ಲ."

ಆನೆಗಳು ಕಾಡಿನಿಂದ ಬಂದು ಹೋಗುವ ಕಾಲ ಇದಲ್ಲ. ಎಷ್ಟೋ ಗುಂಪುಗಳು ತೋಟಗಳಲ್ಲೇ ಇರುತ್ತವೆ, ಮರಿ ಹಾಕುವುದೂ ಅಲ್ಲೇ. ಕಾಫಿಯ ನೆರಳು, ತೋಟದ ಕೆರೆ, ಹಲಸಿನ ಹಣ್ಣು. ಅವುಗಳಿಗೆ ಬೇರೇನು ಬೇಕು? ಹಲಸು ಹಣ್ಣಾಗುವ ಮೊದಲೇ ಕಿತ್ತು ಹಾಕುವ ಮಾಲೀಕರಿದ್ದಾರೆ, ಆನೆ ಬಾರದಿರಲೆಂದು. ಇಲಾಖೆಯವರು ಆನೆ ಎಲ್ಲಿದೆಯೆಂದು ಮೊಬೈಲಿಗೆ ಸಂದೇಶ ಕಳುಹಿಸುತ್ತಾರೆ. ಹಾಗಿದ್ದೂ ಪ್ರತಿ ವರ್ಷ ಈ ಜಿಲ್ಲೆಯಲ್ಲಿ ಜನ ಸಾಯುತ್ತಾರೆ. ಹೆಚ್ಚಿನವರು ಬೆಳಗಿನ ಹೊತ್ತು ಕಾಲುದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು. ಹಾಲಿನ ವ್ಯಾನಿನ ಚಾಲಕ ಮೂರು ಕಡೆಗೆ ಫೋನು ಮಾಡಿ ತಡವಾಗುತ್ತದೆಂದು ಹೇಳಿದ. ಬಸ್ಸಿನ ಕಂಡಕ್ಟರ್ ಇಳಿದು ಬೀಡಿ ಹಚ್ಚಿದ, ಸಿಬ್ಬಂದಿ ಕಣ್ಣು ಬಿಟ್ಟೊಡನೆ ಆರಿಸಿದ. ಆ ಸಾಲಿನಲ್ಲಿ ನಿಲ್ಲುವುದನ್ನು ಸುಖವೆಂದುಕೊಂಡವರು ನಾವಿಬ್ಬರೇ.

ಮೊಬೈಲನ್ನು ಬ್ಯಾಗಿಗೆ ಹಾಕಿದೆ. ಆನೆಗಳು ನಮಗೆ ಕಾಣಲೂ ಇಲ್ಲ. ಮೇಲಿನ ತಿರುವಿನಲ್ಲೆಲ್ಲೋ ರೆಂಬೆ ಮುರಿದ ಸದ್ದು, ಆಮೇಲೆ ವಾಕಿಟಾಕಿಯಲ್ಲಿ ಏನೋ ಮಾತು, ಜೀಪು ಪಕ್ಕಕ್ಕೆ ಸರಿಯಿತು. ಆ ಹೆಂಗಸನ್ನು ಪಿಕಪ್ಪಿನವರು ಹತ್ತಿಸಿಕೊಂಡರು. ತೋಟದ ಗೇಟಿನವರೆಗೆ ನಡೆದು ಹೋಗಬೇಕಾಗಿದ್ದ ದಾರಿ ಆನೆ ದಾಟಿದ ದಾರಿಯೇ ಆಗಿತ್ತು. ನಮ್ಮವರು ಆ ದಿನ ಪಾಲಿಬೆಟ್ಟದವರೆಗೂ ಮಾತಾಡಲಿಲ್ಲ. ನಾನೂ ಭುಜ ತಟ್ಟಲಿಲ್ಲ.

ಗೋಣಿಕೊಪ್ಪದ ಭಾನುವಾರದ ಸಂತೆಗೆ ಸರಿಯಾಗಿ ಬಂದೆವು. ಕೊಡವ ತಕ್, ಮಲಯಾಳಂ, ಕನ್ನಡ, ಹಿಂದಿ, ನನಗೆ ಗುರುತು ಸಿಗದ ಇನ್ನೆರಡು ಮಾತು, ಎಲ್ಲವೂ ಒಂದೇ ಒಣಮೀನಿನ ರಾಶಿಯ ಸುತ್ತ ಚೌಕಾಸಿ ಮಾಡುತ್ತಿದ್ದವು. ವಾರದ ಕೂಲಿ ಕೈಗೆ ಬಂದ ದಿನವಾದ್ದರಿಂದ ಚಪ್ಪಲಿ ಮತ್ತು ಮೊಬೈಲ್ ಕವರಿನ ಅಂಗಡಿಗಳಲ್ಲಿ ನಿಲ್ಲಲು ಜಾಗವಿರಲಿಲ್ಲ. ನಾನು ಕರಿಮೆಣಸು, ಏಲಕ್ಕಿ, ಒಂದು ಬಾಟಲಿ ಕಾಚಂಪುಳಿ ಕೊಂಡೆ. ಮನೆಯಲ್ಲಿ ಪಂದಿ ಬೇಯಿಸುವ ಹಾಗಿಲ್ಲ, ಹುಳಿಗಾದರೂ ಹಾಕಿ ನೋಡೋಣವೆಂದು. ಬಾಟಲಿ ಒಡೆಯದಂತೆ ಸ್ಪೀಡೋಮೀಟರಿನ ಜೊತೆ ಟವೆಲ್ಲಿನಲ್ಲಿ ಸುತ್ತಿದ್ದಕ್ಕೆ ನಮ್ಮವರದು ತೀವ್ರ ಆಕ್ಷೇಪ. ಯಾವುದು ಯಾವುದನ್ನು ಕೆಡಿಸುತ್ತದೆ ಎಂಬ ಚರ್ಚೆ ತಿತಿಮತಿಯವರೆಗೂ ನಡೆಯಿತು.

ಅಲ್ಲಿಂದ ಮುಂದೆ ನಾಗರಹೊಳೆಯ ಕಾಡಿನ ನಡುವಿನ ರಸ್ತೆ. ಮತ್ತಿಗೋಡಿನ ಆನೆ ಶಿಬಿರ, ಆನೆಚೌಕೂರಿನ ಗೇಟು, ಎಲ್ಲೆಡೆ ವಾಹನ ನಿಲ್ಲಿಸಬೇಡಿ ಎಂಬ ಫಲಕಗಳು. ನಮ್ಮ ಕರಾರಿಗೆ ಇಲ್ಲಿ ಮಾನ್ಯತೆಯಿಲ್ಲ, ಇರಲೂಬಾರದು. ಜಿಂಕೆಗಳು ರಸ್ತೆಗೆ ಹತ್ತಿರವೇ ಮೇಯುತ್ತಿದ್ದವು, ದಾಟಿಹೋದವು. ಕಾಡು ಮುಗಿದು ಹೊಲ ಕಂಡ ಮೇಲೆ ನಮ್ಮವರೇ ಗಾಡಿ ನಿಲ್ಲಿಸಿ, ಹುಣಸೂರಿನ ಕಡೆಯ ಚಹಾದಂಗಡಿಯಲ್ಲಿ ಮೊಬೈಲಿನ ನಕ್ಷೆ ಬಿಡಿಸಿದರು. ಮುಂದಿನ ಸಲ ಜಿಲ್ಲೆಯ ಉತ್ತರದ ಬದಿ: ಸೋಮವಾರಪೇಟೆ, ಕುಮಾರಧಾರೆ ಧುಮುಕುವ ಮಲ್ಲಳ್ಳಿ, ಶನಿವಾರಸಂತೆ, ಅಲ್ಲಿಂದ ಬಿಸಿಲೆ ಘಾಟಿ. ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ. ಸೂರ್ಲಬ್ಬಿಯನ್ನು ಸೇರಿಸಬಹುದೇ ಎಂದು ಕೇಳಿದೆ. ಒಳಗಿನ ರಸ್ತೆ ಹೇಗಿದೆಯೋ, ಏರು ಬಹಳ, ಇಬ್ಬರ ಭಾರ, ಬ್ಯಾಗಿನ ಭಾರ ಎಂದು ಅವರು ಲೆಕ್ಕ ಶುರು ಮಾಡಿದರು. ಹಳೆಯ ಸ್ಪೀಡೋಮೀಟರನ್ನು ಮನೆಯಲ್ಲಿ ಬಿಟ್ಟರೆ ಭಾರ ಕಡಿಮೆಯಾಗುತ್ತದೆ ಎಂದೆ. ಅದಕ್ಕವರು ಉತ್ತರ ಕೊಡಲಿಲ್ಲ, ಇನ್ನೊಂದು ಚಹಾ ಹೇಳಿದರು.